ಕಾಲೇಜು ತೋಟ ಮತ್ತು ಹಳೇಬೀಡು ಮ್ಯೂಸಿಯಂ ಭೇಟಿಯ ಅವಲೋಕನ: 'ತುಂಬಾ ಸುಂದರವಾಗಿತ್ತು' ಬಿಟ್ಟು ಏನು ಬರೆಯಬೇಕು?

ಹಾಸನ_ಬಿಎ_ವಿದ್ಯಾರ್ಥಿನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ, ಇತಿಹಾಸ ಮತ್ತು ಕನ್ನಡ. ಕಾಲೇಜು ಆವರಣದ ತೋಟ, ಹಳೇಬೀಡಿನ ಮ್ಯೂಸಿಯಂ ಎರಡನ್ನೂ ನೋಡಿ ಒಂದೇ ಬರಹ ಕೊಡಬೇಕು. 1200 ಪದ, ಜೊತೆಗೆ ಕೈಯಲ್ಲಿ ಬಿಡಿಸಿದ ಎರಡು ಚಿತ್ರ. 'ವರದಿ ಬೇಡ, ಅವಲೋಕನ ಬೇಕು' ಎಂದು ಮೇಡಂ ಹೇಳಿದ್ದಾರೆ. ತರಗತಿಯವರ ಜೊತೆ ಒಂದು ಸುತ್ತು ಹೋಗಿ ಬಂದಾಗಿದೆ. ಬರೆಯುವ ಮೊದಲು ಇನ್ನೊಮ್ಮೆ ಹೋಗಲು ಸಮಯ ಇದೆ.

ಸದ್ಯಕ್ಕೆ ಬರೆದಿರುವ ಮೊದಲ ಪ್ಯಾರಾ ಇದು: 'ನಮ್ಮ ಕಾಲೇಜಿನ ತೋಟವು ವಿವಿಧ ಬಗೆಯ ಮರಗಿಡಗಳಿಂದ ಕಂಗೊಳಿಸುತ್ತದೆ. ಹಳೇಬೀಡಿನ ವಸ್ತುಸಂಗ್ರಹಾಲಯದಲ್ಲಿ ಹೊಯ್ಸಳರ ಕಾಲದ ಅದ್ಭುತ ಶಿಲ್ಪಗಳಿವೆ. ಇವನ್ನು ನೋಡಿ ಮನಸ್ಸು ತುಂಬಿ ಬಂತು.' ಇಲ್ಲಿಂದ ಮುಂದೆ ಹೋಗುತ್ತಿಲ್ಲ.

ತೋಟದಲ್ಲಿ ಏನನ್ನು ಗುರುತು ಹಾಕಿಕೊಳ್ಳಬೇಕು? ನನಗೆ ಸಸ್ಯಶಾಸ್ತ್ರ ಬರುವುದಿಲ್ಲ. ಶಿಲ್ಪವನ್ನು ನೋಡುವುದು ಹೇಗೆ, ಎಲ್ಲವೂ ಒಂದೇ ಥರ ಕಾಣಿಸುತ್ತದೆ. ಮತ್ತೆ ಈ ಎರಡನ್ನೂ ಒಂದೇ ಬರಹದಲ್ಲಿ ಸೇರಿಸುವುದು ಹೇಗೆ? ದಯವಿಟ್ಟು ತಿಳಿದವರು ಹೇಳಿ.

---

ಹೊಂಗೆನೆರಳು ಉತ್ತರಿಸಿದ್ದು:

ತೋಟದ ಭಾಗ ನಾನು ಹೇಳುತ್ತೇನೆ. ಶಿಲ್ಪ ಬಲ್ಲವರು ಇಲ್ಲಿ ಇದ್ದಾರೆ, ಅವರು ಬರುತ್ತಾರೆ.

ಸಸ್ಯಶಾಸ್ತ್ರ ಬೇಕಾಗಿಲ್ಲ, ಆದರೆ 'ವಿವಿಧ ಬಗೆಯ ಮರಗಿಡ' ಎನ್ನುವ ಮಾತು ಮೊದಲು ಹೋಗಬೇಕು. ತೋಟವಿಡೀ ಸುತ್ತಬೇಡಿ. ನಾಲ್ಕು ಮರ ಆರಿಸಿಕೊಂಡು ಒಂದೊಂದರ ಕೆಳಗೆ ಕಾಲು ಗಂಟೆ ನಿಲ್ಲಿ. ಬೇಕಾದ್ದು ಇಷ್ಟೇ: ಬಟ್ಟೆ ಹೊಲಿಯುವವರ ಟೇಪು, ಒಂದು ಅಳತೆಪಟ್ಟಿ, ಎಚ್‌ಬಿ ಪೆನ್ಸಿಲ್, ಗೆರೆ ಇಲ್ಲದ ನೋಟ್‌ಬುಕ್, ಮೊಬೈಲು. ಎಲೆ ಕೀಳಬೇಡಿ. ಕೆಳಗೆ ಬಿದ್ದ ಎಲೆ, ಕಾಯಿ, ಹೂ ಸಾಕು. ಆದರೆ ಬಿದ್ದದ್ದು ಅದೇ ಮರದ್ದೋ ಪಕ್ಕದ ಮರದಿಂದ ಗಾಳಿಗೆ ಬಂದದ್ದೋ ಎಂದು ತಲೆಯೆತ್ತಿ ಕೊಂಬೆಯ ಜೊತೆ ತಾಳೆ ನೋಡಿ. ಗುರುತು ತಪ್ಪುವುದು ಹೆಚ್ಚಾಗಿ ಇಲ್ಲೇ.

ಪ್ರತಿ ಮರಕ್ಕೂ ಈ ಕ್ರಮದಲ್ಲಿ ನೋಡಿ. ಮೊದಲು ಎಲೆ ಒಂಟಿಯೋ ಸಂಯುಕ್ತವೋ. ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಆ ಮೊಗ್ಗಿನಿಂದ ಆಚೆ ಇರುವುದೆಲ್ಲ ಸೇರಿ ಒಂದು ಎಲೆ. ಬೇವಿನಲ್ಲಿ ನಾವು 'ಎಲೆ' ಎಂದು ಕರೆಯುವ ಸಣ್ಣ ಸಣ್ಣ ತುಣುಕು ಕಿರುಎಲೆ, ಇಡೀ ಗರಿ ಒಂದೇ ಎಲೆ. ಆಮೇಲೆ ಎಲೆಗಳು ಕೊಂಬೆಯ ಮೇಲೆ ಎದುರುಬದುರು ಇವೆಯೋ, ಒಂದಾದ ಮೇಲೊಂದು ಪರ್ಯಾಯವಾಗಿ ಇವೆಯೋ ನೋಡಿ. ಅದಾದ ಮೇಲೆ ತೊಗಟೆ, ಹೂ, ಕಾಯಿ.

ಇಷ್ಟು ನೋಡಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಗುಲ್‌ಮೊಹರ್ ಮತ್ತು ಜಕರಂಡ ನಮ್ಮ ಕ್ಯಾಂಪಸ್‌ಗಳಲ್ಲಿ ಅಕ್ಕಪಕ್ಕ ಇರುತ್ತವೆ. ಹೂವಿಲ್ಲದ ಕಾಲದಲ್ಲಿ ಎರಡರ ಎಲೆಯೂ ಜರಿಗಿಡದ ಹಾಗೆ ಕಂಡು ಜನ ಗೊಂದಲಕ್ಕೆ ಬೀಳುತ್ತಾರೆ. ಜಕರಂಡದ ಎಲೆ ಎದುರುಬದುರು, ಗುಲ್‌ಮೊಹರ್‌ನದು ಪರ್ಯಾಯ. ಗುಲ್‌ಮೊಹರ್‌ನ ಕಾಯಿ ಉದ್ದನೆಯ ಮರದಂಥ ಕೋಡು, ಅರ್ಧ ಮೀಟರ್ ದಾಟುವುದುಂಟು. ಜಕರಂಡದ್ದು ಅಂಗೈಯೊಳಗೆ ಹಿಡಿಯುವ ಚಪ್ಪಟೆ ದುಂಡು ಕಾಯಿ. ಕಾಯಿ ಒಂದೇ ಸಿಕ್ಕರೂ ಮುಗಿಯಿತು.

ಇನ್ನು ಕೆಲವು: ಸಂಪಿಗೆಯ ರೆಂಬೆಯಲ್ಲಿ ಪ್ರತಿ ಎಲೆಯ ಬುಡಕ್ಕೆ ರೆಂಬೆಯನ್ನು ಸುತ್ತಿದ ಉಂಗುರದ ಗುರುತು ಇರುತ್ತದೆ, ಮೊಗ್ಗನ್ನು ಮುಚ್ಚಿದ್ದ ಹೊದಿಕೆ ಉದುರಿದ ಜಾಗ ಅದು. ನಾಗಲಿಂಗದ ಹೂ ಬರುವುದು ರೆಂಬೆಯ ತುದಿಯಲ್ಲಲ್ಲ, ನೇರ ಕಾಂಡದಿಂದ ಹೊರಟ ಜೋತಾಡುವ ಕಡ್ಡಿಗಳಲ್ಲಿ. ಸಿಲ್ವರ್ ಓಕ್ ಎಲೆಯನ್ನು ತಿರುಗಿಸಿದರೆ ಅಡಿಭಾಗ ಬೆಳ್ಳಗೆ. ಬೇವಿನ ಕಿರುಎಲೆಯ ಅಂಚು ಗರಗಸ, ಬುಡ ಒಂದು ಪಕ್ಕಕ್ಕೆ ಓರೆ.

ದಪ್ಪ ಅಳೆಯುವುದು: ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಸುತ್ತಳತೆ 157 ಸೆಂ.ಮೀ. ಬಂದರೆ ವ್ಯಾಸ 50 ಸೆಂ.ಮೀ. ಟೇಪು ಓರೆಯಾದರೆ ಅಳತೆ ಜಾಸ್ತಿ ಬರುತ್ತದೆ. ಇಳಿಜಾರಿನಲ್ಲಿದ್ದರೆ ಮೇಲ್ಬದಿಯ ನೆಲದಿಂದ ಎತ್ತರ ಲೆಕ್ಕ ಹಾಕಿ. ಆ ಎತ್ತರಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆ ಬೇರೆ ಅಳೆಯಬೇಕು.

ಎತ್ತರಕ್ಕೆ ಕೋಲು ಸಾಕು. ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲನ್ನು ಕೈ ಚಾಚಿ ನೆಟ್ಟಗೆ ಹಿಡಿಯಿರಿ. ಕೋಲಿನ ಬುಡ ಮರದ ಬುಡಕ್ಕೂ ತುದಿ ಮರದ ತುದಿಗೂ ಕೂಡುವವರೆಗೆ ಹಿಂದಕ್ಕೆ ನಡೆಯಿರಿ. ನಿಂತ ಜಾಗದಿಂದ ಮರಕ್ಕೆ ಎಷ್ಟು ದೂರವೋ ಮರ ಸುಮಾರು ಅಷ್ಟು ಎತ್ತರ. ಇದು ಸಮತಟ್ಟಾದ ನೆಲಕ್ಕೆ ಮಾತ್ರ.

ಕೊನೆಯದಾಗಿ, ಮರದ ಫಲಕವನ್ನೂ ಗಮನಿಸಿ. ಮೊಳೆ ಹೊಡೆದು ಕೂರಿಸಿದ್ದರೆ ತೊಗಟೆ ಅದರ ಸುತ್ತ ಉಬ್ಬಿ ಫಲಕವನ್ನು ನುಂಗುತ್ತಾ ಬಂದಿರುತ್ತದೆ. ತಂತಿ ಸುತ್ತಿದ್ದರೆ ಇನ್ನೂ ಕೆಟ್ಟದ್ದು. ಕಾಂಡ ದಪ್ಪವಾದ ಹಾಗೆ ತಂತಿ ತೊಗಟೆಯೊಳಗೆ ಕೊರೆದು, ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿಯನ್ನೇ ಕತ್ತರಿಸುತ್ತದೆ. ಕಾಂಡ ಬೆಳೆದಂತೆ ಹಿಗ್ಗುವ ಸ್ಪ್ರಿಂಗಿಗೆ ಫಲಕ ತೂಗುಹಾಕುವುದು ಸರಿಯಾದ ಕ್ರಮ. ನಿಮ್ಮ ತೋಟದಲ್ಲಿ ಯಾವುದಿದೆ ಎನ್ನುವುದು ಅವಲೋಕನದೊಳಗೆ ಬರಬೇಕಾದ ವಿಷಯವೇ.

---

ಬಳಪದಕಲ್ಲು ಉತ್ತರಿಸಿದ್ದು:

ಎಲ್ಲ ಶಿಲ್ಪ ಒಂದೇ ಥರ ಕಾಣಿಸುವುದಕ್ಕೆ ಕಾರಣ, ಮುಖ ನೋಡುತ್ತಾ ಹೋಗುವುದು. ಹೊಯ್ಸಳ ಶಿಲ್ಪದಲ್ಲಿ ಮುಖ ಹೆಚ್ಚು ಹೇಳುವುದಿಲ್ಲ, ಕೈಗಳು ಹೇಳುತ್ತವೆ. ಕೈ ಎಷ್ಟು, ಯಾವ ಕೈಯಲ್ಲಿ ಏನಿದೆ, ಕಾಲ ಬುಡದಲ್ಲಿ ಯಾವ ಪ್ರಾಣಿ ಇದೆ. ಈ ಕ್ರಮದಲ್ಲಿ ನೋಡಿ.

ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳು, ಅಂದರೆ 24 ರೂಪಗಳು, ನಿಂತಿರುವ ಭಂಗಿಯಲ್ಲಿ ಒಂದೇ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿ ಎನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಮೂರ್ತಿಯ ಬಲ ಕೆಳಗೈಯಿಂದ ಹೊರಟು ಬಲ ಮೇಲ್ಗೈ, ಎಡ ಮೇಲ್ಗೈ, ಎಡ ಕೆಳಗೈ ಎಂದು ಓದಬೇಕು. ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಉಳಿದ ಕೆಲವು ರೂಪಗಳಿಗೆ ಗ್ರಂಥದಿಂದ ಗ್ರಂಥಕ್ಕೆ ಕ್ರಮ ಬೇರೆಯಾಗುತ್ತದೆ. ಆದ್ದರಿಂದ ಹೆಸರು ಹೇಳುವ ಮೊದಲು ಕ್ರಮವನ್ನು ಬರೆದುಕೊಳ್ಳಿ. ಬಲ ಎಂದರೆ ಮೂರ್ತಿಯ ಬಲ, ನಿಮ್ಮ ಬಲ ಅಲ್ಲ. ಬಹಳ ಜನ ಇಲ್ಲಿ ತಿರುಗಿಸಿ ಬರೆದು ಬೇರೆ ದೇವರನ್ನೇ ಮಾಡುತ್ತಾರೆ.

ದ್ವಾರಪಾಲಕರಲ್ಲಿ ತ್ರಿಶೂಲ, ಡಮರು, ಹಾವು, ಕಪಾಲ ಕಂಡರೆ ಶೈವ. ಶಂಖ, ಚಕ್ರ, ಗದೆ ಇದ್ದರೆ ವೈಷ್ಣವ. ಬಟ್ಟೆ ಒಡವೆ ಇಲ್ಲದೆ, ಎರಡೂ ತೋಳು ದೇಹಕ್ಕೆ ತಾಗದಂತೆ ನೇರ ಇಳಿಬಿಟ್ಟು ನಿಂತಿದ್ದು, ಮೇಲೆ ಮುಕ್ಕೊಡೆ ಇದ್ದರೆ ಜೈನ ತೀರ್ಥಂಕರ. ತಲೆಯ ಹಿಂದೆ ಏಳು ಹೆಡೆಯ ಹಾವಿದ್ದರೆ ಪಾರ್ಶ್ವನಾಥ. ಹಳೇಬೀಡಿನಲ್ಲೇ ಹೊಯ್ಸಳೇಶ್ವರ ದೇವಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿ ಬಸದಿಹಳ್ಳಿಯ ಮೂರು ಬಸದಿಗಳಿವೆ. ಪಾರ್ಶ್ವನಾಥ ಬಸದಿ 1133ರದು. ಮ್ಯೂಸಿಯಂ ಮುಗಿಸಿ ಅಲ್ಲಿಗೆ ಹೋದರೆ, ಮೂರ್ತಿಯೊಂದು ಅದರ ಜಾಗದಲ್ಲೇ ಇರುವುದಕ್ಕೂ ಮ್ಯೂಸಿಯಂ ಪೀಠದ ಮೇಲೆ ಇರುವುದಕ್ಕೂ ಏನು ವ್ಯತ್ಯಾಸ ಎಂದು ಕಣ್ಣಿಗೇ ಕಾಣುತ್ತದೆ. ಅಲ್ಲಿನ ಕಂಬಗಳನ್ನು ಪಕ್ಕದಿಂದ ನೋಡಿ, ಕಂಬವನ್ನು ಸುತ್ತುವ ಸಣ್ಣ ಗೆರೆಗಳು ಕಾಣುತ್ತವೆ. ಕಲ್ಲನ್ನು ತಿರುಗಿಸಿ ಕಡೆದದ್ದರ ಗುರುತು ಅದು.

ಈಗ ಕಲ್ಲು. ಇದನ್ನು ಬರೆಯದೆ ಹೊಯ್ಸಳ ಶಿಲ್ಪದ ಬಗ್ಗೆ ಬರೆದ ಬರಹ ಅರ್ಧ. ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಅದರಲ್ಲಿ ಟಾಲ್ಕ್, ಕ್ಲೋರೈಟ್ ಎಂಬ ಮೆತ್ತನೆಯ ಖನಿಜಗಳಿವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಟಾಲ್ಕ್‌ಗೆ 1, ಎಲ್ಲಕ್ಕಿಂತ ಕಡಿಮೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್‌ಗೆ 6, ಕ್ವಾರ್ಟ್ಸ್‌ಗೆ 7. ಆದ್ದರಿಂದ ಬಳಪದ ಕಲ್ಲಿನಲ್ಲಿ ಸಣ್ಣ ಉಳಿಯಿಂದ ಸರದ ಒಂದೊಂದು ಮಣಿಯನ್ನೂ ಬಿಡಿಸಬಹುದು, ಬಳ್ಳಿಯ ಹಿಂದೆ ಕಲ್ಲನ್ನು ಕೊರೆದು ಟೊಳ್ಳು ಮಾಡಬಹುದು. ಇದೇ ಜಿಲ್ಲೆಯ ಶ್ರವಣಬೆಳಗೊಳದ ಗೊಮ್ಮಟ, ಸುಮಾರು 981ರದು, ಗ್ರಾನೈಟು. ಅಲ್ಲಿ ಅಗಲವಾದ ನುಣುಪು ಮೈ, ಕಡಿಮೆ ಗೆರೆ. ಎರಡು ಕಲ್ಲು, ಎರಡು ಥರದ ಸೌಂದರ್ಯ. 'ಅದ್ಭುತ ಶಿಲ್ಪ' ಎನ್ನುವ ಬದಲು ಈ ಹೋಲಿಕೆಯನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ.

ಮೆತ್ತಗಿನ ಕಲ್ಲಿಗೆ ಬೆಲೆಯೂ ಇದೆ. ಮುಂದಕ್ಕೆ ಚಾಚಿದ ಮೂಗು, ಬೆರಳು, ಆಯುಧ ಮೊದಲು ಮುರಿಯುತ್ತವೆ. ಮ್ಯೂಸಿಯಂನಲ್ಲಿ ಮುರಿದ ಜಾಗವನ್ನು ಹತ್ತಿರದಿಂದ ನೋಡಿ. ಅಂಚು ಚೂಪಾಗಿದ್ದರೆ ಮುರಿದು ಬಹಳ ಕಾಲವಾಗಿಲ್ಲದಿರಬಹುದು, ಸವೆದು ದುಂಡಗಾಗಿದ್ದರೆ ಗಾಳಿ ಮಳೆಗೆ ಬಿದ್ದು ಬಹಳ ಕಾಲವಾಗಿದೆ. ಮುಟ್ಟಬೇಡಿ. ಕೈಯ ಎಣ್ಣೆ, ಬೆವರು ಕಲ್ಲಿಗೆ ಇಳಿದು, ಎಲ್ಲರೂ ಸವರುವ ಜಾಗ ಕಪ್ಪಾಗಿ ಹೊಳೆಯುತ್ತದೆ. ಅಂಥ ಜಾಗ ಕಂಡರೆ ಅದನ್ನೂ ಬರೆದುಕೊಳ್ಳಿ.

ಬೆಳಕಿನ ವಿಷಯ. ಹೊಯ್ಸಳೇಶ್ವರ ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಹಿಂಬದಿಯ, ಅಂದರೆ ಪಶ್ಚಿಮದ ಹೊರಗೋಡೆಯ ದೊಡ್ಡ ಶಿಲ್ಪಗಳಿಗೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಮೇಲಿನ ಚಾಚಿನ ನೆರಳು ಮುಖದ ಮೇಲೇ ಬೀಳುತ್ತದೆ, ಆಗ ನೋಡಿ ಪ್ರಯೋಜನವಿಲ್ಲ. ಬಿಸಿಲು ಓರೆಯಾಗಿ ಗೋಡೆಯನ್ನು ಸವರಿಕೊಂಡು ಹೋಗುವಾಗ ಉಳಿಯ ಒಂದೊಂದು ಕೊರೆತವೂ ಎದ್ದು ಕಾಣುತ್ತದೆ. ಮ್ಯೂಸಿಯಂ ಒಳಗೆ ಬೆಳಕು ಬದಲಾಗುವುದಿಲ್ಲ, ಅಲ್ಲಿ ನೀವೇ ಪಕ್ಕಕ್ಕೆ ಸರಿದು ಸರಿದು ನೋಡಬೇಕು. ಎದುರಿನಿಂದ ಮಾತ್ರ ನೋಡಿದರೆ ಎಷ್ಟು ಆಳಕ್ಕೆ ಕೊರೆದಿದ್ದಾರೆ ಎಂದು ಗೊತ್ತೇ ಆಗುವುದಿಲ್ಲ.

ಫಲಕವನ್ನು ಕೊನೆಗೆ ಓದಿ. ಮೊದಲು ಹತ್ತು ನಿಮಿಷ ಬರಿಗಣ್ಣಿನಿಂದ ನೋಡಿ, ಕಂಡದ್ದನ್ನು ಬರೆದು, ಆಮೇಲೆ ಫಲಕ. ಮೊದಲೇ ಓದಿಬಿಟ್ಟರೆ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ.

---

ಕಪಾಟಿನ_ಕೀಲಿ ಉತ್ತರಿಸಿದ್ದು:

ಬಳಪದಕಲ್ಲು ಅವರು ಹೇಳಿದ್ದು ನೋಡುವುದಕ್ಕೆ ಸರಿ. ಆದರೆ ಫಲಕದ ಫೋಟೊವನ್ನು ಮೊದಲೇ, ಓದದೆ ತೆಗೆದುಕೊಳ್ಳಿ. ಮನೆಗೆ ಹೋದ ಮೇಲೆ ಯಾವ ಟಿಪ್ಪಣಿ ಯಾವ ಶಿಲ್ಪದ್ದು ಎಂದು ಹೊಂದಿಸಲು ಬರುವುದಿಲ್ಲ, ಇಪ್ಪತ್ತು ಶಿಲ್ಪ ನೋಡಿದವರಿಗೆ ಇದು ಆಗಿಯೇ ಆಗುತ್ತದೆ. ಕ್ರಮ ಹೀಗಿರಲಿ: ಫಲಕದ ಫೋಟೊ, ಇಡೀ ಶಿಲ್ಪದ ಫೋಟೊ, ಆಮೇಲೆ ವಿವರಗಳ ಫೋಟೊ. ಮೊಬೈಲಿನಲ್ಲಿ ಇದೇ ಕ್ರಮ ಉಳಿದರೆ ಗೊಂದಲವಿಲ್ಲ. ಕ್ಯಾಮೆರಾ ನಿಯಮವನ್ನು ಬಾಗಿಲಲ್ಲಿ ಕೇಳಿ. ಫ್ಲಾಷ್ ಎಲ್ಲೂ ಬೇಡ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಬೇರೆ ಅನುಮತಿ ಬೇಕು.

ಫಲಕದಲ್ಲಿ ನಾಲ್ಕು ವಿಷಯ ಹುಡುಕಿ: ಹೆಸರು, ಕಾಲ, ಕಲ್ಲು, ಸಿಕ್ಕ ಊರು. ನಾಲ್ಕನೆಯದನ್ನು ವಿದ್ಯಾರ್ಥಿಗಳು ಬರೆದುಕೊಳ್ಳುವುದೇ ಇಲ್ಲ, ಆದರೆ ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಮ್ಯೂಸಿಯಂನಲ್ಲಿರುವ ಪ್ರತಿಯೊಂದು ವಸ್ತುವೂ ಬೇರೆಲ್ಲೋ ಇದ್ದದ್ದು. ಗೋಡೆಯ ಸಾಲಿನಲ್ಲಿ, ಬಾಗಿಲವಾಡದ ಮೇಲೆ, ಕೆರೆ ಏರಿಯ ಮೇಲೆ. ಹಲ್ಮಿಡಿ ಶಾಸನವನ್ನು ನೆನೆಯಿರಿ. ಬೇಲೂರು ತಾಲ್ಲೂಕಿನ ಊರಿನದು, ಸುಮಾರು 450ನೇ ಇಸವಿಯದು ಎಂದು ಎಣಿಕೆ. ಈಗ ಮೂಲ ಕಲ್ಲು ಇರುವುದು ಮೈಸೂರಿನಲ್ಲಿ. ಮಳೆ ಬಿಸಿಲಿನಿಂದ ಉಳಿಯಿತು, ಆದರೆ ಊರಿನಿಂದ ದೂರವಾಯಿತು. ಎರಡೂ ನಿಜ.

ನಿಮ್ಮ ಕಾಲೇಜಿನ ತೋಟವೂ ಹಾಗೆಯೇ ತಂದು ಕೂಡಿಸಿದ್ದು. ಗುಲ್‌ಮೊಹರ್ ಮಡಗಾಸ್ಕರಿನದು. ಜಕರಂಡ, ನಾಗಲಿಂಗ ದಕ್ಷಿಣ ಅಮೆರಿಕದವು. ಸಿಲ್ವರ್ ಓಕ್ ಪೂರ್ವ ಆಸ್ಟ್ರೇಲಿಯಾದ್ದು, ನೀರುಕಾಯಿ ಮರ ಆಫ್ರಿಕಾದ್ದು. ಹೊಂಗೆ, ಹಲಸು, ಸಂಪಿಗೆ ನಮ್ಮ ಕಡೆಯವು. ಹೊಯ್ಸಳೇಶ್ವರ ದೇವಾಲಯದ ಕೆಲಸ ನಡೆದದ್ದು 12ನೇ ಶತಮಾನದಲ್ಲಿ, ವಿಷ್ಣುವರ್ಧನನ ಕಾಲದಲ್ಲಿ 1121ರ ಸುಮಾರಿಗೆ ಶುರುವಾಗಿ. ಆ ಶಿಲ್ಪಿಗಳು ಹಲಸು, ಮಾವು, ಬಾಳೆ ನೋಡಿದ್ದರು. ಗುಲ್‌ಮೊಹರ್ ನೋಡಿರಲು ಸಾಧ್ಯವಿಲ್ಲ. ಇಲ್ಲಿಂದ ನಿಮ್ಮ ಬರಹಕ್ಕೆ ಬೆನ್ನೆಲುಬು ಸಿಗುತ್ತದೆ: ಪ್ರತಿ ಮರಕ್ಕೂ ಪ್ರತಿ ಶಿಲ್ಪಕ್ಕೂ ಒಂದೇ ಮೂರು ಪ್ರಶ್ನೆ ಕೇಳಿ. ಇದು ಎಲ್ಲಿಂದ ಬಂತು, ಇಲ್ಲಿಗೆ ಯಾಕೆ ತಂದರು, ಇಲ್ಲಿ ನಿಂತು ಏನನ್ನು ಕಳೆದುಕೊಂಡಿದೆ?

ಎರಡನ್ನೂ ಕೂಡಿಸುವ ಇನ್ನೊಂದು ದಾರಿ ಕಲ್ಲಿನೊಳಗಿನ ಗಿಡಗಳು. ಹೊಯ್ಸಳೇಶ್ವರದ ಅಧಿಷ್ಠಾನದ, ಅಂದರೆ ಗೋಡೆಯ ಬುಡದ, ಕೆತ್ತನೆಯ ಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸಿ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಎಂಟರಲ್ಲಿ ಎರಡು ಬಳ್ಳಿಗೇ ಮೀಸಲು. ಮೇಲಿನ ದೊಡ್ಡ ಶಿಲ್ಪಗಳ ತಲೆಯ ಮೇಲೆ ಎಲೆ, ಹೂ, ಹಣ್ಣಿನ ಚಪ್ಪರ. ಬೇಲೂರಿನ ಮದನಿಕೆಗಳಿಗೂ ಹಾಗೆಯೇ. ತೋಟದಲ್ಲಿ ಕಲಿತ ಎಲೆಯ ಪಾಠವನ್ನು ಇಲ್ಲಿ ಪ್ರಯೋಗಿಸಿ: ಕಲ್ಲಿನ ಎಲೆ ಒಂಟಿಯೋ ಗರಿಯೋ, ಹಣ್ಣು ಕಾಂಡದಿಂದ ಬಂದಿದೆಯೋ ತುದಿಯಿಂದಲೋ? ಹಲಸು ಕಾಂಡದಿಂದ ಬರುತ್ತದೆ, ಶಿಲ್ಪಿ ಅದನ್ನು ಹಾಗೇ ಕೆತ್ತಿದ್ದಾನೋ ಇಲ್ಲವೋ ನೋಡಿ. ಇಂಥ ಒಂದು ವಿವರ ನಿಮ್ಮ ಕಣ್ಣಿಗೆ ಬಿದ್ದರೆ ಇಡೀ ಬರಹ ನಿಲ್ಲುತ್ತದೆ.

ಆದರೆ ಎಚ್ಚರಿಕೆ ಇರಲಿ. ಹೊಯ್ಸಳ ಶಿಲ್ಪದ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ ಎಂಬ ವಾದ ಅಂತರ್ಜಾಲದಲ್ಲಿ ಬಹಳ ಓಡಾಡುತ್ತದೆ. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ, 1492ರ ನಂತರ ಈ ಕಡೆಗೆ ಬಂದದ್ದು. ಹೆಚ್ಚಿನ ವಿದ್ವಾಂಸರು ಆ ವಾದವನ್ನು ಒಪ್ಪುವುದಿಲ್ಲ. ಆಕಾರ ಹೋಲುತ್ತದೆ ಎಂದ ಮಾತ್ರಕ್ಕೆ ಗಿಡದ ಹೆಸರು ಹಾಕಬೇಡಿ. 'ಹಲಸನ್ನು ಹೋಲುವ, ಮೈಯೆಲ್ಲ ಮುಳ್ಳುಗುರುತಿರುವ ಹಣ್ಣು' ಎಂದು ಕಂಡಷ್ಟನ್ನೇ ಬರೆಯಿರಿ.

---

ಹಾಸನ_ಬಿಎ_ವಿದ್ಯಾರ್ಥಿನಿ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. 'ಎಲ್ಲಿಂದ ಬಂತು' ಎಂಬ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎರಡು ಸಂದೇಹ. ಚಿತ್ರ ಬಿಡಿಸಲು ನನಗೆ ಬರುವುದಿಲ್ಲ, ಫೋಟೊ ನೋಡಿ ಮನೆಯಲ್ಲಿ ಬಿಡಿಸಿದರೆ ನಡೆಯುತ್ತದೆಯೇ? ಮತ್ತೆ ವೀರಗಲ್ಲಿನ ಬಗ್ಗೆ ಒಂದು ಪ್ಯಾರಾ ಬರೆಯಬೇಕೆಂದಿದ್ದೇನೆ, ಅದನ್ನು ಹೇಗೆ ಓದುವುದು?

---

ಬಳಪದಕಲ್ಲು ಉತ್ತರಿಸಿದ್ದು:

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪುಸ್ತಕದ ಅಭ್ಯಾಸಕ್ಕೆ ಮೇಲಿನಿಂದ ಓದಿದರೆ ಕಥೆ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗಿನದರಲ್ಲಿ ಕಾಳಗ: ತುರುಗಳು ಕಂಡರೆ ದನ ಬಿಡಿಸುವಾಗ ಸತ್ತವನು, ಹುಲಿಯೋ ಹಂದಿಯೋ ಕಂಡರೆ ಬೇಟೆಯಲ್ಲಿ ಸತ್ತವನು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡೂ ಕಡೆ ಹಿಡಿದು ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ, ಬಹಳ ಕಡೆ ಲಿಂಗದ ಮುಂದೆ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವಷ್ಟು ಕಾಲ ಈ ಹೆಸರೂ ಇರಲಿ ಎಂದು. ಅಕ್ಷರಗಳಿದ್ದರೆ ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಹುಡುಕಿ. ಕಾಲು ಮುರಿದ, ಬುಡ ಹೂತುಹೋದ ವೀರಗಲ್ಲಿನಲ್ಲಿ ಕೆಳಗಿನ ಅಂತಸ್ತೇ ಮಾಯವಾಗಿರುತ್ತದೆ. ಆಗ ಹೇಗೆ ಸತ್ತ ಎಂದು ಊಹಿಸಿ ಬರೆಯಬೇಡಿ.

ಮಾಸ್ತಿಕಲ್ಲನ್ನು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲನ್ನು, ವೀರಗಲ್ಲು ಎಂದು ಬರೆಯುವವರೂ ಇದ್ದಾರೆ. ಕಂಬದಂಥ ಆಕಾರದಿಂದ ಹೊರಚಾಚಿದ, ಮೊಣಕೈ ಮಡಚಿ ಮೇಲೆತ್ತಿದ ಬಳೆ ತೊಟ್ಟ ಕೈ ಕಂಡರೆ ಅದು ಮಾಸ್ತಿಕಲ್ಲು.

---

ಸೀಸದಕಡ್ಡಿ ಉತ್ತರಿಸಿದ್ದು:

ಚಿತ್ರವನ್ನು ಸ್ಥಳದಲ್ಲೇ ಬಿಡಿಸಿ ತಂಗಿ. ಚೆನ್ನಾಗಿ ಬರಲಿ ಎಂದಲ್ಲ. ಬಿಡಿಸುವಾಗ ಮಾತ್ರ 'ಈ ಕೈ ಎಲ್ಲಿಂದ ಹೊರಟಿತು, ಈ ಬಳ್ಳಿ ಯಾವುದರ ಕೆಳಗೆ ಹೋಯಿತು' ಎಂದು ಕಣ್ಣು ಕೇಳುತ್ತದೆ. ಫೋಟೊದಲ್ಲಿ ಆಳ ಚಪ್ಪಟೆಯಾಗಿ ಹೋಗಿರುತ್ತದೆ, ಅದನ್ನು ನೋಡಿ ಬಿಡಿಸಿದರೆ ನೆರಳನ್ನೂ ಕಲ್ಲಿನ ಅಂಚನ್ನೂ ಒಂದೇ ಎಂದು ಎಳೆದುಬಿಡುತ್ತೀರಿ.

ಎ5 ಅಳತೆಯ ಪುಸ್ತಕ, ಎಚ್‌ಬಿ ಮತ್ತು 2ಬಿ ಪೆನ್ಸಿಲ್. ಮ್ಯೂಸಿಯಂ ಒಳಗೆ ಪೆನ್ ಹೊರತೆಗೆಯಬೇಡಿ, ಶಾಯಿ ಚೆಲ್ಲಿದರೆ ಕಲ್ಲಿಗೆ ಇಳಿಯುತ್ತದೆ. ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ. ಮೊದಲು ಶಿಲ್ಪದ ಒಟ್ಟು ಎತ್ತರ ಅಗಲಕ್ಕೆ ಒಂದು ಚೌಕ ಎಳೆಯಿರಿ. ಪೆನ್ಸಿಲನ್ನು ಚಾಚಿ ಹಿಡಿದು ತಲೆಯ ಅಳತೆ ತೆಗೆದುಕೊಂಡು, ಮೂರ್ತಿ ಎಷ್ಟು ತಲೆ ಎತ್ತರವಿದೆ ಎಂದು ಎಣಿಸಿ ಚೌಕದಲ್ಲಿ ಗುರುತು ಹಾಕಿ. ಆಮೇಲೆ ತಲೆಯಿಂದ ಪಾದದವರೆಗೆ ನಡುಗೆರೆ. ತ್ರಿಭಂಗಿಯಾದರೆ ಆ ಗೆರೆ ಕುತ್ತಿಗೆ, ಸೊಂಟ, ಮೊಣಕಾಲು ಮೂರು ಕಡೆ ಬಾಗುತ್ತದೆ. ಇಲ್ಲಿಯವರೆಗೆ ಹತ್ತು ನಿಮಿಷ. ಕಿರೀಟ, ಸರ, ಬಳೆ ಎಲ್ಲವನ್ನೂ ಬಿಡಿಸಲು ಹೋಗಬೇಡಿ, ಹೊಯ್ಸಳ ಶಿಲ್ಪದಲ್ಲಿ ಅದಕ್ಕೆ ಇಡೀ ದಿನ ಸಾಲದು. ಒಂದು ಒಡವೆಯನ್ನು ಪಕ್ಕದಲ್ಲಿ ದೊಡ್ಡದಾಗಿ ಬಿಡಿಸಿ ಬಾಣದ ಗುರುತು ಹಾಕಿ. ಹುಡುಗರು ಮುಖದಿಂದ ಶುರು ಮಾಡುತ್ತಾರೆ, ಆಮೇಲೆ ಕಾಲಿಗೆ ಹಾಳೆಯಲ್ಲಿ ಜಾಗ ಇರುವುದಿಲ್ಲ.

ಎರಡು ಚಿತ್ರಗಳಲ್ಲಿ ಒಂದು ತೋಟದ ನಿಜವಾದ ಎಲೆ, ಇನ್ನೊಂದು ಕಲ್ಲಿನ ಎಲೆಯಾಗಲಿ. ಎಲೆಗೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ನಿಜವಾದ ಅಳತೆಯಲ್ಲೇ ಬಿಡಿಸಿ. ದಿನಾಂಕ, ಜಾಗ, ಗಂಟೆ ಮೂಲೆಯಲ್ಲಿ ಬರೆಯಿರಿ.

---

ಕೆಂಪುಶಾಯಿ ಉತ್ತರಿಸಿದ್ದು:

ಇಂಥ ಬರಹಗಳನ್ನು ತಿದ್ದುವ ಕಡೆಯಿಂದ ಒಂದೆರಡು ಮಾತು. ವರದಿಗೂ ಅವಲೋಕನಕ್ಕೂ ವ್ಯತ್ಯಾಸ ಇಷ್ಟು: ವರದಿಯಲ್ಲಿ ಅಲ್ಲಿ ಏನಿತ್ತು ಎಂದು ಇರುತ್ತದೆ. ಅವಲೋಕನದಲ್ಲಿ ಏನಿತ್ತು, ಅದನ್ನು ನೋಡಿ ನಿಮಗೆ ಯಾವ ಪ್ರಶ್ನೆ ಹುಟ್ಟಿತು, ಆ ಪ್ರಶ್ನೆಗೆ ಕಣ್ಣಿಗೆ ಕಂಡ ಯಾವ ಆಧಾರ ಸಿಕ್ಕಿತು ಎಂದು ಇರಬೇಕು. 'ಮನಸ್ಸು ತುಂಬಿ ಬಂತು' ಎಂದರೆ ಓದುವವರಿಗೆ ಏನೂ ಕಾಣಿಸುವುದಿಲ್ಲ. ಯಾವುದನ್ನು ಕಂಡು ತುಂಬಿತೋ ಅದನ್ನೇ ಬರೆದರೆ ಅವರ ಮನಸ್ಸೂ ತುಂಬುತ್ತದೆ.

ನಿಮ್ಮ ಮೊದಲ ಪ್ಯಾರಾವನ್ನು ಹೀಗೆ ಶುರು ಮಾಡಬಹುದು: 'ಗ್ರಂಥಾಲಯದ ಎದುರಿನ ನಾಗಲಿಂಗದ ಮರಕ್ಕೆ ತಂತಿ ಸುತ್ತಿದ ಫಲಕವಿದೆ. ಫಲಕದಲ್ಲಿ ಮರದ ಹೆಸರಿದೆ, ಅದು ದಕ್ಷಿಣ ಅಮೆರಿಕದ್ದು ಎಂದು ಇಲ್ಲ. ಹಳೇಬೀಡಿನ ಮ್ಯೂಸಿಯಂನಲ್ಲಿ ನಾನು ನೋಡಿದ ದ್ವಾರಪಾಲಕನ ಫಲಕದಲ್ಲಿ ಶತಮಾನವಿದೆ, ಅವನು ಯಾವ ಬಾಗಿಲನ್ನು ಕಾಯುತ್ತಿದ್ದ ಎಂದು ಇಲ್ಲ.' ಇದು ಮಾದರಿ ಅಷ್ಟೇ. ನಿಮ್ಮ ತೋಟದಲ್ಲಿ, ನೀವು ನೋಡಿದ ಫಲಕದಲ್ಲಿ ಏನಿದೆಯೋ ಅದು ಬರಲಿ. ಒಂದೂ ವಿಶೇಷಣ ಇಲ್ಲದೆ ಎರಡೂ ಜಾಗ ಜೋಡಿಯಾದವು ನೋಡಿ.

1200 ಪದದಲ್ಲಿ ಹತ್ತು ವಸ್ತು ತುರುಕಬೇಡಿ. ಎರಡು ಮರ, ಎರಡು ಶಿಲ್ಪ ಸಾಕು. ಒಂದೊಂದಕ್ಕೆ 200 ಪದ ಕೊಟ್ಟರೆ 800 ಆಯಿತು, ಉಳಿದ 400 ನಿಮ್ಮ ಪ್ರಶ್ನೆಗೆ. ಹೊಯ್ಸಳರ ರಾಜವಂಶದ ಇತಿಹಾಸಕ್ಕೆ ಮೂರು ವಾಕ್ಯಕ್ಕಿಂತ ಹೆಚ್ಚು ಬೇಡ. ವಿಕಿಪೀಡಿಯದಿಂದ ಎತ್ತಿದ ಪ್ಯಾರಾ ತಿದ್ದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಏಕೆಂದರೆ ಅದರಲ್ಲಿ ನೋಡಿದವರು ಇರುವುದಿಲ್ಲ. ಇಸವಿ ಬರೆಯುವಾಗ ಬೇಲೂರು 1117, ಹಳೇಬೀಡು 1121ರ ಸುಮಾರು ಎನ್ನುವುದನ್ನು ಅದಲುಬದಲು ಮಾಡಬೇಡಿ, ಪ್ರತಿ ವರ್ಷವೂ ಕಣ್ಣಿಗೆ ಬೀಳುವ ತಪ್ಪು ಇದು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಸೇರಿ 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆ ಪಟ್ಟಿಗೆ ಸೇರಿವೆ, ಹಳೇಬೀಡು ಒಂದೇ ಅಲ್ಲ.

ಕಲ್ಲಿನ ಬಗ್ಗೆ ಬರೆಯುವಾಗ ಕಡೆದವರನ್ನೂ ಬಿಡಬೇಡಿ. ಹೊಯ್ಸಳ ಶಿಲ್ಪಿಗಳು ಪೀಠದ ಮೇಲೆ ತಮ್ಮ ಹೆಸರು ಕೊರೆದಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಬೇರೆ ಅನೇಕ ಕಡೆ ಮಲ್ಲಿತಮ್ಮ. ಹಳೇಬೀಡಿನಲ್ಲೂ ದೊಡ್ಡ ಶಿಲ್ಪಗಳ ಬುಡದಲ್ಲಿ ಹಳಗನ್ನಡ ಅಕ್ಷರಗಳನ್ನು ಹುಡುಕಿ.

---

ಬೇಲೂರು_ರಸ್ತೆ ಉತ್ತರಿಸಿದ್ದು:

ಹೋಗುವ ದಿನದ ಲೆಕ್ಕ. ಪುರಾತತ್ವ ಇಲಾಖೆಯ ಸ್ಥಳ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ದೇವಾಲಯ ಅವತ್ತೂ ತೆರೆದಿರುತ್ತದೆ, ಮ್ಯೂಸಿಯಂ ಮಾತ್ರ ಮುಚ್ಚಿರುತ್ತದೆ, ಅದಕ್ಕೇ ಜನ ಮೋಸ ಹೋಗುವುದು. ಹಾಸನದಿಂದ ಹಳೇಬೀಡು ಸುಮಾರು 30 ಕಿ.ಮೀ., ಬಸ್ಸು ಸಿಗುತ್ತದೆ. ಬೇಲೂರಿಗೂ ಹೋಗುವುದಾದರೆ ಅಲ್ಲಿಂದ ಸುಮಾರು 16 ಕಿ.ಮೀ., ಆದರೆ ಎರಡನ್ನೂ ಒಂದೇ ದಿನ ಹಾಕಿಕೊಂಡರೆ ಈ ಮೇಲೆ ಹೇಳಿದ ರೀತಿ ನಿಂತು ನೋಡಲು ಆಗುವುದಿಲ್ಲ. ಈ ಬರಹಕ್ಕೆ ಹಳೇಬೀಡು ಒಂದೇ ಸಾಕು.

ಬೆಳಿಗ್ಗೆ ಹೊರಟು ಮೊದಲು ಮ್ಯೂಸಿಯಂ ನೋಡಿ, ಬಿಸಿಲೇರುವ ಹೊತ್ತಿಗೆ ಬಸದಿಗಳ ಒಳಗಿರಿ, ಮೂರು ಗಂಟೆಯ ಮೇಲೆ ಹೊಯ್ಸಳೇಶ್ವರದ ಪಶ್ಚಿಮ ಗೋಡೆಗೆ ಬನ್ನಿ. ಜಗತಿಯ, ಅಂದರೆ ದೇವಾಲಯ ನಿಂತಿರುವ ಕಲ್ಲುಕಟ್ಟೆಯ, ಮೇಲೆ ಚಪ್ಪಲಿ ಇಲ್ಲ. ಬೇಸಿಗೆಯಲ್ಲಿ ಕಲ್ಲು ಕಾದು ನಿಲ್ಲಲಾಗದು, ದಪ್ಪ ಕಾಲುಚೀಲ ತೆಗೆದುಕೊಂಡು ಹೋಗಿ. ಮಳೆಗಾಲದಲ್ಲಾದರೆ ಅದೇ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಗೋಡೆ ನೋಡುತ್ತಾ ಪಕ್ಕಕ್ಕೆ ಹೆಜ್ಜೆ ಇಡುವಾಗ ಜಗತಿಯ ಅಂಚು ಗಮನದಲ್ಲಿರಲಿ, ಅದು ನಕ್ಷತ್ರದ ಆಕಾರದಲ್ಲಿ ಒಳಗೆ ಹೊರಗೆ ಮುರಿದು ಹೋಗುತ್ತದೆ. ಒದ್ದೆಯಾದಾಗ ಕಲ್ಲಿನ ಬಣ್ಣ ಕಡುವಾಗಿ ಕೆತ್ತನೆ ಮಸುಕಾಗುತ್ತದೆ, ಹಾಗಾಗಿ ಚಿತ್ರ ಬಿಡಿಸುವುದಿದ್ದರೆ ಒಣಗಿದ ದಿನವೇ ಹೋಗಿ. ತೋಟದ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ, ಎಲೆ ಕಲಿತು ಹೋದವರಿಗೆ ಮಾತ್ರ ಕಲ್ಲಿನ ಎಲೆ ಕಾಣುತ್ತದೆ.